ಮೀಸೆಯ ಗಂಟುಗಳು

ಅಡುಗೆಮನೆಯ ಕಿಟಕಿಯ ದಂಡೆಯಲ್ಲಿ ಮೊನ್ನೆ ಒಂದು ಹುಳ ಸತ್ತು ಬಿದ್ದಿತ್ತು. ಉದ್ದ ಎರಡೂವರೆ ಮಿಲಿಮೀಟರ್ ಇದ್ದೀತು. ಜೇನುಬಣ್ಣದ ಮೈ, ಬೆನ್ನ ಮೇಲೆ ಕಪ್ಪು ಮಚ್ಚೆ, ಮಬ್ಬು ರೆಕ್ಕೆ. ಅಂಥವೇ ನಾಲ್ಕಾರು ಗಾಜಿನ ಮೇಲೆ ಓಡಾಡಿಕೊಂಡಿದ್ದವು. ಸೊಸೆ ಆಗಲೇ ಸ್ಪ್ರೇ ಡಬ್ಬಿ ಹಿಡಿದು ನಿಂತಿದ್ದಳು.

"ಕಚ್ಚುತ್ತಾ ಅತ್ತೆ?"

"ನಮ್ಮನ್ನಲ್ಲ. ಮೊದಲು ಆ ಜೋಳದ ಡಬ್ಬ ಇಳಿಸು."

ಡಬ್ಬ ತೆಗೆದರೆ ನನ್ನ ಊಹೆ ಸರಿಯಿತ್ತು. ಕಾಳುಗಳು ನೂಲಿನಲ್ಲಿ ಸಿಕ್ಕಿಕೊಂಡು ಗಂಟುಗಂಟಾಗಿದ್ದವು. ಬಿಡಿಸಿದರೆ ಒಳಗೆ ಅಕ್ಕಿ ಚಿಟ್ಟೆಯ ಮರಿಹುಳುಗಳು. ಕೆಲವು ಹರಿದಾಡುತ್ತಿದ್ದವು; ಕೆಲವು ಮಿಸುಕದೆ ಬಿದ್ದಿದ್ದವು. ಒಣಗಿ ಸಿಪ್ಪೆಯಾದ ಒಂದರ ಪಕ್ಕದಲ್ಲಿ ಪುಟ್ಟ ಬಿಳಿ ಗೂಡುಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಸೊಸೆ ಮುಖ ಹಿಂಡಿದಳು. ನನಗೆ ಮಾತ್ರ, ಬಹಳ ಕಾಲದ ಮೇಲೆ, ಹುರಿದ ಜೋಳದ ನುಚ್ಚಿನ ವಾಸನೆ ಮೂಗಿಗೆ ಬಂದ ಹಾಗಾಯಿತು.

ಮೊಮ್ಮಗಳು ಫೋಟೋ ಹೊಡೆದು ಆ್ಯಪ್‌ಗೆ ಕೊಟ್ಟಳು. ಅದು 'ಬ್ರಾಕೊನಿಡ್ ಕಣಜ' ಎಂದು ಕುಟುಂಬದ ಹೆಸರಷ್ಟೇ ಹೇಳಿ ಸುಮ್ಮನಾಯಿತು. ಯಂತ್ರವಾದರೂ ಮರ್ಯಾದಸ್ಥ ಉತ್ತರ. ಆ ಫೋಟೋದಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ. ಅವಳ ಹತ್ತಿರ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕ ಇತ್ತು. ಸತ್ತ ಹುಳದ ಮೀಸೆಯನ್ನು ಪಿನ್ನಿನಿಂದ ಬಿಡಿಸಿ, ಗಾಜಿನ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ಇಟ್ಟೆ. ಗಂಟುಗಳನ್ನು ಎಣಿಸುವ ಕೆಲಸ ಅವಳದಾಯಿತು. ಬುಡದ ಎರಡೂ ಸೇರಿ ಹದಿನಾಲ್ಕು. ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಿಡುವ ಮುಳ್ಳು ಇತ್ತು, ಹಾಗಾಗಿ ಹೆಣ್ಣು. ಗೋಧಿ, ಜೋಳ ದಾಸ್ತಾನಿಡುವ ಜಾಗದಲ್ಲಿ ಸಿಕ್ಕ ಹೆಣ್ಣು.

"ಬ್ರಾಕಾನ್ ಹೆಬಿಟರ್" ಎಂದೆ. ಹೇಳುವಾಗ ಧ್ವನಿ ನನ್ನದಿರಲಿಲ್ಲ, ನಮ್ಮ ಸಾಹೇಬರದು.

1980ರ ದಶಕದ ಕೊನೆಯಲ್ಲಿ, ಬಿ.ಎಸ್ಸಿ. ಮುಗಿಸಿದ ಹೊಸದರಲ್ಲಿ, ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯ ಒಂದು ಪರೋಪಜೀವಿ ಪ್ರಯೋಗಾಲಯಕ್ಕೆ ದಿನಗೂಲಿಯ ಮೇಲೆ ಸೇರಿದೆ. ಪ್ರಯೋಗಾಲಯ ಎಂಬುದು ಬೋರ್ಡಿನ ಮಾತು. ಇದ್ದದ್ದು ಹೆಂಚಿನ ಉದ್ದನೆಯ ಕಟ್ಟಡ, ನಡುವೆ ಗೋಡೆ ಎಬ್ಬಿಸಿ ಮೂರು ಕೋಣೆ. ಒಂದರಲ್ಲಿ ಚಿಟ್ಟೆ ಸಾಕುವುದು, ಇನ್ನೊಂದರಲ್ಲಿ ಚಿಟ್ಟೆಯ ಮೊಟ್ಟೆಗೆ ಟ್ರೈಕೊಗ್ರಾಮ ಕಣಜ ಬಿಡುವುದು, ಮೂರನೆಯದರಲ್ಲಿ ಸಾಹೇಬರು, ಅವರ ಸೂಕ್ಷ್ಮದರ್ಶಕ ಮತ್ತು ಅವರ ಸಿಟ್ಟು.

ಕೆಲಸ ಹೀಗೆ ಸಾಗುತ್ತಿತ್ತು. ಜೋಳವನ್ನು ಎರಡು ಮೂರು ಚೂರಾಗುವಂತೆ ಒಡೆಸಿ, ಬೇರೆ ಹುಳ ಸಾಯುವಷ್ಟು ಬಿಸಿ ಮಾಡಿ ಆರಿಸುವುದು. ತಟ್ಟೆಗೆ ಎರಡೂವರೆ ಕಿಲೋದಂತೆ ತುಂಬಿ, 100 ಗ್ರಾಂ ಕಡಲೆಕಾಯಿ ಬೀಜದ ಪುಡಿ, ಚೂರು ಈಸ್ಟ್, ಚೂರು ಗಂಧಕ ಬೆರೆಸಿ, ಮೇಲೆ ಅಕ್ಕಿ ಚಿಟ್ಟೆಯ ಮೊಟ್ಟೆ ಉದುರಿಸಿ, ಬಟ್ಟೆ ಕಟ್ಟಿ ಇಟ್ಟುಬಿಡುವುದು. ಒಂದೂವರೆ ತಿಂಗಳಿಗೆ ಬೂದಿಬಣ್ಣದ ಚಿಟ್ಟೆಗಳು ಏಳಲು ಶುರುವಾಗುತ್ತಿದ್ದವು. ಬೆಳಗಿನ ಜಾವ ಗಾಜಿನ ಕೊಳವೆಯಲ್ಲಿ ಒಂದೊಂದನ್ನೇ ಹಿಡಿದು ಜಾಲರಿ ಡಬ್ಬಕ್ಕೆ ಹಾಕಬೇಕು. ಅಲ್ಲಿ ಅವು ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳನ್ನು ರೆಕ್ಕೆಯ ಪುಡಿಯಿಂದ ಬೇರೆ ಮಾಡಿ, ಕಾರ್ಡಿಗೆ ಗೋಂದು ಸವರಿ ಅಂಟಿಸಿ, ಒಳಗಿನ ಭ್ರೂಣ ಸಾಯುವಂತೆ ನೇರಳಾತೀತ ದೀಪದ ಕೆಳಗಿಟ್ಟು, ಕೊನೆಗೆ ಟ್ರೈಕೊಗ್ರಾಮಕ್ಕೆ ಒಪ್ಪಿಸುವುದು. ಅರ್ಧ ಮಿಲಿಮೀಟರಿನ ಆ ಕಣಜ ಪ್ರತಿ ಮೊಟ್ಟೆಯೊಳಗೂ ತನ್ನ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಕಾರ್ಡು ಕಪ್ಪಾಗುತ್ತದೆ. ಒಂದು ಸಿಸಿ ಕಾರ್ಡಿನಲ್ಲಿ ಸುಮಾರು 16,000ದಿಂದ 18,000 ಮೊಟ್ಟೆ. ಕಪ್ಪಾದ ಕಾರ್ಡನ್ನು ಚೂರು ಮಾಡಿ ಕಬ್ಬಿನ ಗರಿಯ ಹಿಂಬದಿಗೆ ಸಿಕ್ಕಿಸಿದರೆ, ಹೊರಬಂದ ಕಣಜಗಳು ಕಬ್ಬು ಕೊರೆಯುವ ಪತಂಗದ ಮೊಟ್ಟೆಗಳನ್ನು ಹುಡುಕಿ ಹೋಗಬೇಕು. ಹೋಗುತ್ತಿದ್ದವು ಕೂಡ, ಕಾರ್ಡನ್ನು ಬಸ್ಸಿನ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಇಡದಿದ್ದರೆ, ಹೊಲದಲ್ಲಿ ಇರುವೆ ಮೊದಲು ಮುತ್ತದಿದ್ದರೆ. ನಮ್ಮ ರಿಜಿಸ್ಟರಿಗೆ ಇದ್ಯಾವುದೂ ಬೇಕಿರಲಿಲ್ಲ. ಅಲ್ಲಿ ಎಷ್ಟು ಸಿಸಿ ಹೊರಹೋಯಿತು ಎಂಬ ಕಾಲಂ ಇತ್ತು. ಎಷ್ಟು ಜೀವಂತ ತಲುಪಿತು ಎಂಬ ಕಾಲಂ ಇರಲಿಲ್ಲ. "ಇರೋ ಹುಳ ಸಾಲ್ದು ಅಂತ ಕಾರ್ಡ್ನಲ್ಲಿ ಬ್ಯಾರೆ ತಂದವ್ರೆ" ಎಂದು ಗೇಲಿ ಮಾಡಿದ ಮುದುಕರೊಬ್ಬರು ಮುಂದಿನ ವರ್ಷ ತಾವೇ ಬಂದು ಕಾರ್ಡು ಕೇಳಿದ್ದೂ ಉಂಟು. ಎರಡನ್ನೂ ಹೇಳಬೇಕು.

ಚಿಟ್ಟೆ ಕೋಣೆಗೆ ಒಡತಿ ಎಂದರೆ ನಾವು ಅಕ್ಕ ಎನ್ನುತ್ತಿದ್ದ ಹೆಂಗಸು. ಶಾಲೆ ಕಂಡವಳಲ್ಲ. ತಟ್ಟೆಯ ಬಟ್ಟೆಯ ಮೇಲೆ ಅಂಗೈ ಇಟ್ಟು ಒಳಗೆ ಬಿಸಿ ಹೆಚ್ಚಾಗಿದೆಯೇ ಎಂದು ಹೇಳುತ್ತಿದ್ದಳು. ಹುಳು ಒತ್ತಾದ ತಟ್ಟೆ ಬಿಸಿಯಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅವಳಿಂದ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಎಲೆಯಡಿಕೆ ಹೊಗೆಸೊಪ್ಪು ಜಗಿಯುತ್ತಾ, ಆ ಕೋಣೆಯಲ್ಲೇ ದಿನವಿಡೀ ಇರುತ್ತಿದ್ದಳು. ಅಲ್ಲಿನ ಗಾಳಿಯಲ್ಲಿ ಚಿಟ್ಟೆಯ ರೆಕ್ಕೆಯ ಪುಡಿ ಸದಾ ತೇಲುತ್ತಿತ್ತು. ಸಂಜೆ ಹೊರಬಂದರೆ ರೆಪ್ಪೆಯ ಕೂದಲೆಲ್ಲ ಬೂದಿ.

ಸಾಹೇಬರು ಬೇರೆಯೇ ಬಗೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಹಿತ್ತಾಳೆ ಕಟ್ಟಿನ ಭೂತಗನ್ನಡಿ. ಯಾವ ಹುಳ ತಂದರೂ ಮೊದಲ ಪ್ರಶ್ನೆ, "ಯಾರ ಮನೇಲಿ ಸಿಕ್ತು?" ಎಂದು. ಯಾವ ಮರಿಹುಳುವಿನ ಮೇಲೆ, ಯಾವ ಗಿಡದಲ್ಲಿ, ಯಾವ ತಾರೀಖು ಎಂದು ಬರೆಯದ ಮಾದರಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ನನ್ನ ಕೈಬರಹ, ಚಿತ್ರ ನೋಡಿ ಸೂಕ್ಷ್ಮದರ್ಶಕದ ಪಕ್ಕ ಕೂರಿಸಿದರು. ಮುಂದಿನ ರೆಕ್ಕೆಯ ನರಗಳನ್ನು ಬರೆಯುವುದು ನನ್ನ ಕೆಲಸ. ಒಂದು ಅಡ್ಡ ನರ ತಪ್ಪಿದರೆ ಬ್ರಾಕೊನಿಡ್ ಹೋಗಿ ಇಕ್ನ್ಯುಮೊನಿಡ್ ಆಗುತ್ತದೆ ಎಂದು ಹಾಳೆಯನ್ನು ಹರಿದು ಕೈಗಿಡುತ್ತಿದ್ದರು. ಅಳು ಬರುತ್ತಿತ್ತು. ಮಾರನೆಯ ದಿನ ಅವರೇ ಕಾಫಿ ತರಿಸಿ, ಪಕ್ಕದಲ್ಲಿ ಕೂತು, ಬಾಯಿಯ ಮೇಲ್ಗಡೆ ದುಂಡನೆಯ ಗುಳಿ ಕಂಡರೆ ಬ್ರಾಕಾನಿನ ಬಳಗ ಎಂದು ತೋರಿಸಿಕೊಟ್ಟವರು.

ಅವರು ನನಗೆ ಓದಲು ಕೊಟ್ಟ ಮೊದಲ ಲೇಖನ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರದು, 1971ರದು. ಟ್ರೈಕೊಗ್ರಾಮದ ಪ್ರಭೇದಗಳನ್ನು ಅದಕ್ಕೂ ಮುಂಚೆ ಮೈಬಣ್ಣ, ಕೂದಲು ನೋಡಿ ಗುರುತಿಸುತ್ತಿದ್ದರಂತೆ. ಬಣ್ಣವೋ ಬೆಳೆಸಿದ ಉಷ್ಣಾಂಶಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಕೂತು ಇವರಿಬ್ಬರು ಗಂಡು ಕಣಜದ ಜನನಾಂಗದ ಆಕಾರವೇ ನಂಬಬಹುದಾದ ಗುರುತು ಎಂದು ತೋರಿಸಿಕೊಟ್ಟರು. ಅರ್ಧ ಮಿಲಿಮೀಟರ್ ಹುಳದ ಆ ಭಾಗ ಎಷ್ಟಿರಬಹುದು, ಯೋಚಿಸಿ. ಜಗತ್ತಿನ ಕೀಟತಜ್ಞರು ಆ ಮೇಲೆ ಹಾಗೆಯೇ ನೋಡತೊಡಗಿದರು. ಕನ್ನಡನಾಡಿನಲ್ಲಿ ನಡೆದ ಈ ಕೆಲಸ ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದು ಬೇಸಿಗೆ ನಮ್ಮ ಚಿಟ್ಟೆಗಳು ಏಳಲೇ ಇಲ್ಲ. ತಟ್ಟೆಯ ಮೇಲೆ ತಟ್ಟೆ ಸೋತಿತು. ಬಟ್ಟೆ ಬಿಚ್ಚಿದರೆ ಕೊಬ್ಬಿದ ಮರಿಹುಳುಗಳು ಸುಮ್ಮನೆ ಬಿದ್ದಿವೆ. ಕೊಳೆತಿಲ್ಲ, ಕಪ್ಪಾಗಿಲ್ಲ. ಸಾಹೇಬರು ರೋಗ ಎಂದರು, ತಟ್ಟೆಗೆ ಹಾಕುತ್ತಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿ ಹೆಚ್ಚಿಸಿದರು. ಅಕ್ಕ ಮಾತ್ರ "ಕೆಂಚ ನೊಣ ಸೇರ್ಕಂಡದೆ ಕಣವ್ವ" ಎಂದು ವಾರದಿಂದ ಹೇಳುತ್ತಲೇ ಇದ್ದಳು. ಕೊನೆಗೆ ಒಂದನ್ನು ಕೊಳವೆಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು.

ಸಾಹೇಬರು ಅದರ ಜೊತೆಗೆ ಒಂದು ಆರೋಗ್ಯವಂತ ಮರಿಹುಳುವನ್ನು ಬಿಟ್ಟರು. ನಾವು ಮೂವರೂ ಬಗ್ಗಿ ನೋಡಿದೆವು. ಹೆಣ್ಣು ಕಣಜ ಮೀಸೆ ಬಡಿಯುತ್ತಾ ಸುತ್ತ ನಡೆಯಿತು. ಹುಳು ಕೊಸರಾಡಿತು, ನೂಲು ಬಿಟ್ಟಿತು, ತಲೆ ಎತ್ತಿ ಬೀಸಿತು. ಕಣಜ ಹಿಂದೆ ಸರಿದು ನಿಂತಿತು, ಮತ್ತೆ ಬಂತು, ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ ಒಮ್ಮೆ ಚುಚ್ಚಿತು. ಅಷ್ಟೇ. ಕೆಲವು ನಿಮಿಷದಲ್ಲಿ ಹುಳು ಸಡಿಲಾಯಿತು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆನ್ನುದ್ದದ ರಕ್ತನಾಳ ಇನ್ನೂ ಬಡಿದುಕೊಳ್ಳುತ್ತಿತ್ತು. ಈ ಕಣಜದ ವಿಷ ಮರಿಹುಳುವಿನ ರಕ್ತದ 20 ಕೋಟಿ ಭಾಗದಲ್ಲಿ ಒಂದು ಭಾಗವಿದ್ದರೂ ಸಾಕು, ಸ್ನಾಯುಗಳು ಕೈಬಿಡುತ್ತವೆ. ಹೃದಯ ಮಾತ್ರ ನಡೆಯುತ್ತಿರುತ್ತದೆ. ಮೈ ಹಸಿಯಾಗಿಯೇ ಉಳಿಯುತ್ತದೆ. ಕಣಜ ಅದರ ಮೇಲೋ ಪಕ್ಕದಲ್ಲೋ ಮೊಟ್ಟೆಯಿಟ್ಟರೆ, ಮರಿಗಳು ಹೊರಗಿನಿಂದಲೇ ಹೀರಿ ಬೆಳೆದು, ಹತ್ತು ಹನ್ನೆರಡು ದಿನಕ್ಕೆ ರೆಕ್ಕೆ ಬಂದು ಹಾರುತ್ತವೆ. ತನಗೆ ಬೇಕಾದ್ದಕ್ಕಿಂತ ಹೆಚ್ಚು ಹುಳುಗಳನ್ನು ಚುಚ್ಚಿ ಹೋಗುವುದು ಇದರ ಸ್ವಭಾವ. ಅದಕ್ಕೇ ತಟ್ಟೆಗೆ ತಟ್ಟೆಯೇ ಮಲಗಿತ್ತು.

"ಜೀವ ಅದೆ, ಅಲ್ಲಾಡಕಾಗಕಿಲ್ಲ. ಇಂಥ ಸಾವು ಯಾರ್ಗೂ ಬ್ಯಾಡ" ಎಂದಳು ಅಕ್ಕ.

ಸಾಹೇಬರಿಗೆ ಬೇರೆ ಚಿಂತೆ ಹತ್ತಿತ್ತು. ತೆಂಗಿನ ಕಪ್ಪುತಲೆ ಹುಳುವಿಗೆಂದು ನಾವೇ ಒಂದು ಮೂಲೆಯಲ್ಲಿ ಬ್ರಾಕಾನ್ ಬ್ರೆವಿಕಾರ್ನಿಸ್ ಎಂಬ ಕಣಜವನ್ನು ಸಾಕುತ್ತಿದ್ದೆವು. ನೋಡಲು ಅದೂ ಇದೇ ಥರ. ತಟ್ಟೆ ಹಾಳುಮಾಡಿದ್ದು ಅದೇ ಆದರೆ ನಮ್ಮ ಕೋಣೆಯಿಂದಲೇ ತಪ್ಪಿಸಿಕೊಂಡದ್ದು ಎಂದಾಗುತ್ತದೆ, ಮೇಲಿನಿಂದ ಮೆಮೋ ಬರುತ್ತದೆ. ಹೆಬಿಟರ್ ಆದರೆ ಪೇಟೆಯ ಜೋಳದ ಜೊತೆ ಬಂದದ್ದು, ಜೋಳ ಕೊಟ್ಟವರ ತಲೆಗೆ. ಹೀಗಾಗಿ ಆ ಹುಳದ ಮೀಸೆಯಲ್ಲಿ ಎಷ್ಟು ಗಂಟಿದೆ ಎಂಬುದು ಇಡೀ ಕಚೇರಿಯ ವಿಷಯವಾಗಿಬಿಟ್ಟಿತು. ಜವಾನನೂ ಬಂದು ಇಣುಕುತ್ತಿದ್ದ.

ಹೆಬಿಟರ್ ಹೆಣ್ಣಿನ ಮೀಸೆಯಲ್ಲಿ ಸಾಮಾನ್ಯವಾಗಿ 13ರಿಂದ 15 ಗಂಟು. ಬ್ರೆವಿಕಾರ್ನಿಸ್ ಹೆಣ್ಣಿನಲ್ಲಿ ಅದಕ್ಕಿಂತ ಹೆಚ್ಚು. ಗಂಡುಗಳ ಮೀಸೆ ಎರಡರಲ್ಲೂ ಉದ್ದ, ಅವನ್ನು ಎಣಿಸಿ ಉಪಯೋಗವಿಲ್ಲ. ಸಾಹೇಬರು ಎಣಿಸಿದರು, ನಾನು ಬರೆದೆ. ಮುರಿದ ಮೀಸೆಯದನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಕೈಗೆ ಬಂದದ್ದನ್ನೆಲ್ಲ ಎಣಿಸಿದರು, ಆರಿಸಿಕೊಳ್ಳಲಿಲ್ಲ. ತಮ್ಮ ಕುತ್ತಿಗೆಗೆ ಬರಬಹುದಾಗಿದ್ದ ಲೆಕ್ಕವನ್ನು ಆ ಮನುಷ್ಯ ಅಷ್ಟು ನಿಷ್ಠೆಯಿಂದ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಬಗ್ಗೆ ಮುಂದೆ ಏನು ಹೇಳಿದರೂ ಇದು ಹಾಗೆಯೇ ಇರಲಿ.

ಬಂದದ್ದು 13, 14, ನಡುನಡುವೆ 15. ಅನುಮಾನಕ್ಕೆ ಎಡೆ ಬೇಡವೆಂದು ಶೇಕಡಾ 70ರ ಆಲ್ಕೊಹಾಲಿನಲ್ಲಿ ಕೆಲವನ್ನು ಹಾಕಿ ಬೆಂಗಳೂರಿಗೆ ಕಳಿಸಿದರು. ಉತ್ತರ ಬರುವ ಹೊತ್ತಿಗೆ ಮಳೆಗಾಲ. ಅಷ್ಟರಲ್ಲಿ ಅಕ್ಕ ಹಾಳಾದ ತಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಸುಟ್ಟು, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ, ಕೋಣೆ ತೊಳೆದು, ಹೊಸದಾಗಿ ಶುರುಮಾಡಿಯೂ ಆಗಿತ್ತು. ಕಾಗದದಲ್ಲಿ ಒಂದೇ ಸಾಲು: ಬ್ರಾಕಾನ್ ಹೆಬಿಟರ್ ಸೇ. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಅಕ್ಕ ಕೇಳಿದಳು, "ಹೆಸ್ರು ಗೊತ್ತಾಯ್ತಲ್ಲ, ಇನ್ ಬರಕಿಲ್ವಾ ಅದು?"

ಜೋಳದ ಅಂಗಡಿಯವರ ಬಿಲ್ಲು ತಡೆಹಿಡಿಯಲಾಯಿತು. ಅವರು ಬಂದು ಬಾಗಿಲಲ್ಲಿ ನಿಂತು, "ಸ್ವಾಮಿ, ನಾನು ಕೊಟ್ಟ ಜೋಳ ನೀವು ಹುರಿದೇ ಹಾಕಿದ್ದಲ್ವಾ?" ಎಂದು ಕೇಳಿದ್ದು ನನಗೆ ನೆನಪಿದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಉತ್ತರ ಇರಲೂ ಇಲ್ಲ. ಹುರಿದ ಜೋಳದಲ್ಲಿ ಕಣಜ ಬದುಕಿ ಬರುವುದಿಲ್ಲ. ಹೆಬಿಟರ್ ಜಗತ್ತಿನ ಬಹುಪಾಲು ಕಡೆ ಇರುವ ಹುಳ. ಊರಿನ ಯಾವ ಗೋದಾಮಿನಿಂದಲೂ ಹರಿದ ಜಾಲರಿಯಲ್ಲಿ ನುಗ್ಗಬಹುದಿತ್ತು, ಮೂಲೆಯಲ್ಲಿ ಮರೆತುಬಿಟ್ಟ ನಮ್ಮದೇ ಹಳೆಯ ತಟ್ಟೆಯಲ್ಲಿ ಬೆಳೆದಿರಬಹುದಿತ್ತು. ಮೀಸೆಯ ಗಂಟು ಅದು ಯಾವ ಹುಳ ಎಂದು ಹೇಳುತ್ತದೆ, ಯಾವ ದಾರಿಯಲ್ಲಿ ಬಂತು ಎಂದಲ್ಲ. ಅಷ್ಟು ಕಟ್ಟುನಿಟ್ಟಾಗಿ ಎಣಿಸಿದ ಸಾಹೇಬರಿಗೆ ಇದು ಹೊಳೆದಿರಲಿಲ್ಲ ಎಂದು ನಾನು ಈಗ ನಂಬಲಾರೆ. ಅವರಿಗೆ ಆ ಹೆಸರು ಬೇಕಿತ್ತು, ಬಂತು, ಫೈಲಿಗೆ ಹೋಯಿತು.

ಹಾಗೆ ನೋಡಿದರೆ ಆ ಹೆಸರೂ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಥಾಮಸ್ ಸೇ ಇಟ್ಟ ಹೆಬಿಟರ್ ಎಂಬ ಹೆಸರು ಅಚ್ಚಾದದ್ದು 1836ರಲ್ಲಿ, ವೆಸ್ಮೇಲ್ ಇಟ್ಟ ಬ್ರೆವಿಕಾರ್ನಿಸ್ 1838ರಲ್ಲಿ. ಇವೆರಡೂ ಒಂದೇ ಎನ್ನುವವರು, ಅಲ್ಲ ಎನ್ನುವವರು ನೂರೈವತ್ತು ವರ್ಷ ಜಗಳವಾಡಿದರು. ವಂಶವಾಹಿಯನ್ನೇ ಓದಿ ಹೋಲಿಸುವ ಕಾಲ ಬಂದ ಮೇಲೆ ಬೇರೆ ಬೇರೆ ಎಂಬುದು ನಿಂತಿತು. ಈಗ ಎರಡನ್ನೂ ಹ್ಯಾಬ್ರೊಬ್ರಾಕಾನ್ ಎಂಬ ಕುಲಕ್ಕೆ ಸೇರಿಸಿ ಬರೆಯುವವರೂ ಇದ್ದಾರೆ.

ನಮ್ಮ ತಟ್ಟೆ ಕೆಡಿಸಿದ ಈ ಹುಳದ ಕೀರ್ತಿ ನನಗೆ ತಿಳಿದದ್ದು ಬಹಳ ತಡವಾಗಿ, ಆ ಕೆಲಸ ಬಿಟ್ಟು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವಾಗ. ಅಮೆರಿಕದ ಪಿ. ಡಬ್ಲ್ಯು. ವೈಟಿಂಗ್ ಇದನ್ನು ದಶಕಗಟ್ಟಲೆ ಸಾಕಿ, ಕಣಜಗಳಲ್ಲಿ ಗಂಡು ಹೆಣ್ಣು ನಿರ್ಧಾರವಾಗುವ ಒಂದು ಬಗೆಯನ್ನು ಬಿಡಿಸಿದ್ದರು. ಫಲಿತವಾಗದ ಮೊಟ್ಟೆಯಿಂದ ಗಂಡು. ಫಲಿತವಾದ ಮೊಟ್ಟೆಯಲ್ಲಿ ತಂದೆತಾಯಿಯ ಕಡೆಯಿಂದ ಬಂದ ಒಂದು ನಿರ್ದಿಷ್ಟ ಅಂಶ ಬೇರೆ ಬೇರೆಯಾಗಿದ್ದರೆ ಹೆಣ್ಣು, ಒಂದೇ ಆಗಿದ್ದರೆ ಕೆಲಸಕ್ಕೆ ಬಾರದ ಗಂಡು. ಒಂದೇ ಸಂಸಾರದೊಳಗೆ ಸಾಕುತ್ತಾ ಹೋದರೆ ಇಂಥ ಗಂಡುಗಳು ಹೆಚ್ಚುತ್ತವೆ. ನಮ್ಮ ಬ್ರೆವಿಕಾರ್ನಿಸ್ ಕೊಳವೆಗಳಲ್ಲಿ ಬರಬರುತ್ತಾ ಗಂಡುಗಳೇ ತುಂಬಿಕೊಳ್ಳುತ್ತಿದ್ದುದಕ್ಕೆ ಅಲ್ಲಿ ಯಾರಲ್ಲೂ ವಿವರಣೆ ಇರಲಿಲ್ಲ. "ಹೊಸ ನೆತ್ತರು ಬೇಕು ಕಣವ್ವ, ಕುರಿಗಾದ್ರೂ ಹೊರಗಿಂದ ಟಗರು ತತ್ತಾರೆ" ಎಂದಿದ್ದಳು ಅಕ್ಕ. ಹೆಬಿಟರ್ ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ: 1967ರ ಸೆಪ್ಟೆಂಬರಿನಲ್ಲಿ ನಾಸಾ ಹಾರಿಸಿದ ಎರಡನೆಯ ಬಯೋಸ್ಯಾಟಲೈಟಿನಲ್ಲಿ, ವಿಕಿರಣದ ಪರಿಣಾಮ ನೋಡಲೆಂದು. ಇನ್ನು ಪಶ್ಚಿಮ ಆಫ್ರಿಕದ ನೈಜರ್‌ನಲ್ಲಿ ಸಜ್ಜೆಯ ತೆನೆ ತಿನ್ನುವ ಹುಳುವಿನ ವಿರುದ್ಧ ಅದೇ ಆಯುಧ. ಸಣ್ಣ ಗೋಣಿಚೀಲದಲ್ಲಿ ಸಜ್ಜೆ, ಅದರ ಜೊತೆ ಅಕ್ಕಿ ಚಿಟ್ಟೆಯ ಮರಿಹುಳು, ಜೊತೆಗೆ ಒಂದೆರಡು ಬಸಿರಾದ ಹೆಬಿಟರ್ ಹೆಣ್ಣು ಹಾಕಿ ಹಳ್ಳಿಗಳಲ್ಲಿ ತೂಗುಹಾಕುತ್ತಾರೆ. ಹುಟ್ಟಿದ ಕಣಜಗಳು ಗೋಣಿಯ ಎಳೆಗಳ ನಡುವೆ ತೂರಿ ಹೊಲಕ್ಕೆ ಹೋಗುತ್ತವೆ. ನಾವು ಸುಟ್ಟ ತಟ್ಟೆಗಳಲ್ಲಿದ್ದದ್ದೂ ಇವೇ ಮೂರು: ಕಾಳು, ಚಿಟ್ಟೆ, ಕಣಜ. ರೈತಮಿತ್ರ ಎಂದು ಬೋರ್ಡಿನಲ್ಲಿ ಬರೆಸುವುದು ಸುಲಭ. ಮಿತ್ರ ಹೌದೋ ಅಲ್ಲವೋ ಎಂಬುದು ಅದು ಯಾರ ತಟ್ಟೆಯಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.

ಅಕ್ಕನ ಕೆಮ್ಮು ಶುರುವಾದದ್ದು ನಾನಿರುವಾಗಲೇ. ಮೊದಲು ಬೆಳಗಿನ ಹೊತ್ತು, ಆಮೇಲೆ ಮೆಟ್ಟಿಲು ಹತ್ತಿದರೆ. "ಹೊಗೆಸೊಪ್ಪು ಬಿಡು ಅಂದ್ರೆ ಬಿಡಲ್ಲ" ಎಂದು ಸಾಹೇಬರು ಗದರುತ್ತಿದ್ದರು. ಭಾನುವಾರ ರಜೆಯಲ್ಲಿ ಕೆಮ್ಮು ಇಳಿಯುತ್ತಿತ್ತು, ಸೋಮವಾರ ಸಂಜೆಗೆ ಏರುತ್ತಿತ್ತು. ಹೊಗೆಸೊಪ್ಪು ಭಾನುವಾರವೂ ಬಾಯಲ್ಲೇ ಇರುತ್ತಿತ್ತು. 'ಯಾರ ಮನೇಲಿ ಸಿಕ್ತು' ಎಂದು ಪ್ರತಿ ಹುಳದ ಬಗ್ಗೆ ಕೇಳುತ್ತಿದ್ದವರು ಈ ಕೆಮ್ಮಿನ ಬಗ್ಗೆ ಅದನ್ನೇ ಕೇಳಲಿಲ್ಲ. ಅಕ್ಕಿ ಚಿಟ್ಟೆಯ ರೆಕ್ಕೆಯ ಪುಡಿ ಅದನ್ನು ಸಾಕುವವರ ಎದೆಗೆ ಹೋಗಿ ಅಲರ್ಜಿ, ಉಬ್ಬಸ ತರುತ್ತದೆ ಎಂಬುದು ಇವತ್ತು ಆ ಕೆಲಸದವರಿಗೆಲ್ಲ ಗೊತ್ತು. ಒಳ್ಳೆಯ ಪ್ರಯೋಗಾಲಯಗಳಲ್ಲಿ ಮಾಸ್ಕು, ಪುಡಿ ಎಳೆದುಕೊಳ್ಳುವ ಫ್ಯಾನು ಇರುತ್ತವೆ. ನಮ್ಮಲ್ಲಿ ಇದ್ದದ್ದು ಸೆರಗು.

ಮೊನ್ನೆ ಊರ ಕಡೆ ಹೋದಾಗ ಅವಳ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಗುರುತು ಹಿಡಿಯಲು ತಡವಾಗಲಿಲ್ಲ. ಮಾತಾಡಲು ಉಸಿರು ಕೂಡಿಸಿಕೊಳ್ಳಬೇಕಿತ್ತು, ಅಷ್ಟೇ. ಪಕ್ಕದಲ್ಲೇ ಉಬ್ಬಸದ ಪಂಪು. ಕೆಂಚ ನೊಣ ನಮ್ಮ ಮನೆಗೂ ಬಂದಿದೆ ಎಂದೆ. ನಕ್ಕಳು, ಕೆಮ್ಮಿದಳು. ಆಸ್ಪತ್ರೆಯ ಸಂಗತಿ ಬಂತು.

"ಏನ್ ಕೆಲ್ಸ ಮಾಡ್ತಿದ್ದೆ ಅಂದ ಡಾಕ್ಟ್ರು. ಚಿಟ್ಟೆ ಸಾಕ್ತಿದ್ದೆ ಅಂದೆ. ನಕ್ಬುಟ್ಟ. ಒಲೆ ಹೊಗೆ ಅಂತ ಬರ್ಕಂಡ."

ನನ್ನ ಚೀಲದಲ್ಲಿ ನೋಟುಬುಕ್ ಇತ್ತು. ಒಂದು ಹಾಳೆ ಹರಿದು, ಹಿಂದೆ ಮಾದರಿಗಳ ಚೀಟಿ ಬರೆಯುತ್ತಿದ್ದ ಕ್ರಮದಲ್ಲೇ ಬರೆದೆ: ಚಿಟ್ಟೆಯ ಲ್ಯಾಟಿನ್ ಹೆಸರು ಕಾರ್ಸೈರ ಸೆಫಲೋನಿಕ, ರೆಕ್ಕೆಯ ಪುಡಿ, ಕೋಣೆಯ ಅಳತೆ, ಗಾಳಿ ಬರಲು ಒಂದೇ ಕಿಟಕಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಭಾನುವಾರ ಕಡಿಮೆ, ಸೋಮವಾರ ಜಾಸ್ತಿ. ಓದಿ ಹೇಳಿದೆ.

"ಅಷ್ಟುದ್ದ ಹೆಸ್ರಾ ಅದಕ್ಕೆ? ಚಿಟ್ಟೆ ಅಂದ್ರೆ ಸಾಲಕಿಲ್ವಾ?"

"ಚಿಟ್ಟೆ ಅಂದ್ರೆ ನಗ್ತಾರಲ್ಲಕ್ಕ."

"ಅದೂ ಸರಿ ಅನ್ನು" ಎಂದಳು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕೆಳಗೊಂದ್ ಸೈನ್ ಆಕವ್ವ. ಸೈನ್ ಇಲ್ದಿದ್ರೆ ಅವ್ರು ನಂಬಕಿಲ್ಲ."